ಕೂಗಿದರೆ ಕೇಳಿಸುವ ಸ್ಪೀಕರ್

ಅತ್ತಿಗೆಗೆ ನಾನು ಆಡಿದ ಅತಿ ಕೆಟ್ಟ ಮಾತು ಆಸ್ಪತ್ರೆಯ ವರಾಂಡದಲ್ಲಿ, ಮೂಳೆ ಡಾಕ್ಟರ ಕೋಣೆಯ ಹೊರಗೆ, ನಾಲ್ಕು ಜನರ ಎದುರಿಗೆ ಆಡಿದ್ದು. "ಕಿವಿಗೆ ಡಬ್ಬಿ ಹಾಕ್ಕೊಂಡು ಕೂತಿದ್ರಲ್ಲ ಅತ್ತಿಗೆ, ನಮ್ಮಮ್ಮ ಅಲ್ಲೇ ಸತ್ತುಹೋಗಿದ್ರೂ ನಿಮಗೆ ಗೊತ್ತಾಗ್ತಿರ್ಲಿಲ್ಲ" ಅಂದೆ. ಅವರು ಅಮ್ಮನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು, ಅಷ್ಟೆ.

ನನ್ನ ಬಾಯಿಯೇ ಹಾಗೆ. ನಾನು ಕೆಲಸ ಮಾಡುವುದು ವಿದ್ಯುತ್ ಕಚೇರಿಯ ದೂರು ಕೌಂಟರಿನಲ್ಲಿ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಊರವರ ಬೈಗುಳ ಕೇಳಿಸಿಕೊಂಡು, "ನೋಡ್ತೀವಿ ಸಾರ್, ಲೈನ್‌ಮನ್ ಕಳಿಸ್ತೀವಿ ಸಾರ್" ಅನ್ನುತ್ತಾ ನಾಲಿಗೆ ಕಚ್ಚಿಕೊಂಡು ಕೂರಬೇಕು. ಅಲ್ಲಿ ಕಚ್ಚಿಕೊಂಡ ನಾಲಿಗೆ ಮನೆಯವರ ಮುಂದೆ ಸಡಿಲವಾಗುತ್ತದೆ. ಇದು ನೆಪ ಅಂತ ನನಗೂ ಗೊತ್ತು.

ನಡೆದದ್ದು ಇಷ್ಟು. ಒಂದು ಬುಧವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಸೊಂಟಕ್ಕೂ ಪೆಟ್ಟಾಯಿತು. ಏಳಲು ಆಗದೆ ಒಂದು ಗಂಟೆ ಹೊತ್ತು ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಅಲ್ಲಿಂದ ಹತ್ತು ಹೆಜ್ಜೆ ದೂರದ ಕೋಣೆಯಲ್ಲಿ ಅತ್ತಿಗೆ ಬಾಗಿಲು ಮುಚ್ಚಿಕೊಂಡು, ಹೆಡ್‌ಫೋನ್ ಹಾಕಿಕೊಂಡು ವಿಡಿಯೋ ಎಡಿಟ್ ಮಾಡುತ್ತಿದ್ದರು. ಹನ್ನೆರಡು ದಾಟಿದ ಮೇಲೆ ಊಟಕ್ಕೆ ಕರೆಯೋಣ ಅಂತ ಹೊರಗೆ ಬಂದಾಗಲೇ ಅವರು ನೋಡಿದ್ದು.

ನಮ್ಮಣ್ಣ ದೂರದ ರೂಟಿನ ಬಸ್ಸು ಓಡಿಸುತ್ತಾನೆ, ತಿಂಗಳಿಗೆ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಫೋನಿನಲ್ಲಿ, "ನೀವಿಬ್ರೂ ಕೂತು ಏನಾದ್ರೂ ತೀರ್ಮಾನ ಮಾಡ್ಕೊಳ್ಳಿ" ಅಂದ. ಅವನು ಹುಟ್ಟಿದಾಗಿನಿಂದ ಹಾಗೆಯೇ. ತೀರ್ಮಾನ ನಾನೇ ಮಾಡಿದೆ: ಕೈ ಪ್ಲಾಸ್ಟರ್ ಆರು ವಾರ, ಅದನ್ನು ತೆಗೆದ ದಿನವೇ ಅಮ್ಮ ನಮ್ಮ ಮನೆಗೆ.

ಅಮ್ಮನಿಗೆ ಅದು ಇಷ್ಟವಿರಲಿಲ್ಲ. ಹದಿನೆಂಟು ವರ್ಷದಿಂದ ಅವಳೂ ಅತ್ತಿಗೆಯೂ ಒಂದೇ ಸೂರಿನಡಿ ಇದ್ದಾರೆ. ಅಣ್ಣ ಬಸ್ಸಿನ ಮೇಲಿರುವಾಗ ಅವಳಿಗೆ ಇವರು, ಇವರಿಗೆ ಅವಳು. ಮಾತು ಕಡಿಮೆ, ಜಗಳ ಇಲ್ಲವೇ ಇಲ್ಲ. ಹೆತ್ತ ಮಗಳು ನಾನಿದ್ದರೂ ಅಮ್ಮನ ಕನ್ನಡಕ ಎಲ್ಲಿದೆ, ಯಾವ ಮಾತ್ರೆ ಅವಳ ಹೊಟ್ಟೆಗೆ ಆಗುವುದಿಲ್ಲ ಅಂತ ಗೊತ್ತಿರುವುದು ಅತ್ತಿಗೆಗೆ. ನಿಜ ಹೇಳಬೇಕೆಂದರೆ ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಅತ್ತಿಗೆ ಮೊದಲು ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪ್ ಮಾಡುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಒಂದು ವರ್ಷ ಫೋನಿನಲ್ಲಿ ಯಾರ್‍ಯಾರದೋ ಪಾಠ ನೋಡಿ ನೋಡಿ ಎಡಿಟಿಂಗ್ ಕಲಿತರು. ಈಗ ಅವರಿಗೆ ಕಾಯಂ ಗಿರಾಕಿಗಳು ಇಬ್ಬರು: ಪಾಠದ ವಿಡಿಯೋ ಮಾಡುವ ಗಣಿತದ ಮೇಷ್ಟ್ರು, ಮತ್ತೆ ಹೊಲಿಗೆ ಕಲಿಸುವ ಟೀಚರ್. ಹೊಲಿಗೆ ಟೀಚರಿಗೆ ಗಂಟಲು ಸದಾ ಕಟ್ಟಿರುತ್ತದೆ, ಹಾಗಾಗಿ ಆ ವಿಡಿಯೋಗಳಿಗೆ ಮಾತೂ ಅತ್ತಿಗೆಯದೇ. "ಇಲ್ಲಿ ನಾಲ್ಕು ಬೆರಳು ಬಿಟ್ಟು ಗುರುತು ಹಾಕಿ, ಆಮೇಲೆ ಮಡಚಿ" ಅನ್ನುವ ಆ ದನಿ ಕೇಳಿದರೆ ಸೂಜಿ ಹಿಡಿಯಲು ಬಾರದ ನನಗೂ ಒಂದು ಲಂಗ ಹೊಲಿದೇಬಿಡೋಣ ಅನ್ನಿಸುತ್ತದೆ.

ಕೆಲಸದಲ್ಲಿ ಅವರು ಆಮೆ. ಮೇಷ್ಟ್ರ ಒಂದು ಕೆಮ್ಮು ತೆಗೆಯಲು ಅರ್ಧ ಗಂಟೆ, ಎರಡು ವಾಕ್ಯದ ನಡುವಿನ ಉಸಿರು ಸರಿಮಾಡಲು ಇನ್ನರ್ಧ ಗಂಟೆ. "ಯಾರಿಗೆ ಗೊತ್ತಾಗುತ್ತೆ ಅತ್ತಿಗೆ, ಬಿಡಿ ಅತ್ಲಾಗೆ" ಅಂದರೆ, "ಗೊತ್ತಾಗಬಾರ್ದು ಅಂತಾನೇ ಮಾಡೋದಲ್ವಾ" ಅನ್ನುತ್ತಾರೆ. ಕೋಣೆ ಅಂದರೆ ಮೊದಲು ಅಕ್ಕಿ ಮೂಟೆ ಇಡುತ್ತಿದ್ದ ಉಗ್ರಾಣ. ದನಿ ಗೋಡೆಗೆ ಬಡಿದು ಮಾರ್ದನಿಸಬಾರದೆಂದು ಮೂರು ಗೋಡೆಗೂ ಹಳೆಯ ರಜಾಯಿಗಳನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ. ಮಾತು ರೆಕಾರ್ಡ್ ಮಾಡುವಾಗ ಫ್ಯಾನೂ ಆಫ್. ಬೆವರು ಒರೆಸಿಕೊಂಡು ಹೊರಗೆ ಬಂದರೆ ಗದ್ದೆ ಕೆಲಸ ಮುಗಿಸಿ ಬಂದವರ ಹಾಗೆ ಕಾಣುತ್ತಾರೆ.

ರೆಕಾರ್ಡಿಂಗ್ ಇದೆ ಅಂದರೆ ಆ ಕೋಣೆಯ ಚಿಲಕಕ್ಕೆ ಒಂದು ಕೆಂಪು ಟವೆಲ್ಲು ಕಟ್ಟುವುದು ಮನೆಯ ಪದ್ಧತಿ. ಟವೆಲ್ಲು ಇರುವಷ್ಟು ಹೊತ್ತು ಕುಕ್ಕರ್ ಇಲ್ಲ, ಮಿಕ್ಸಿ ಇಲ್ಲ, ನಲ್ಲಿ ಬಿಡುವ ಹಾಗಿಲ್ಲ. ಅಣ್ಣ ಎಷ್ಟೋ ಸಲ ಮರೆತಿದ್ದಾನೆ, ನಾನಂತೂ ಬಾಗಿಲು ದಾಟುವಾಗಲೇ ಗಟ್ಟಿಯಾಗಿ ಮಾತಾಡಿಕೊಂಡು ಬರುವವಳು. ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವಳು ಅಮ್ಮ ಒಬ್ಬಳೇ. ಹಾಲಿನವನು ಬಂದರೆ ಕೈಸನ್ನೆಯಲ್ಲೇ ಲೀಟರು ಹೇಳುತ್ತಿದ್ದಳು. ಪಕ್ಕದ ಮನೆಯಾಕೆ ಹರಟೆಗೆ ಬಂದರೆ ತುಟಿಯ ಮೇಲೆ ಬೆರಳಿಟ್ಟು ಮೆಟ್ಟಿಲ ತನಕ ನಡೆಸಿ ಬೀಳ್ಕೊಡುತ್ತಿದ್ದಳು.

ಆಸ್ಪತ್ರೆಯಿಂದ ಬಂದ ಸಂಜೆ ಅತ್ತಿಗೆ ಹೆಡ್‌ಫೋನನ್ನು ಅದರ ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟರು. "ಇನ್ಮೇಲೆ ಇದನ್ನ ಮುಟ್ಟಲ್ಲ. ಸ್ಪೀಕರ್ ತಗೋತೀನಿ. ಬಾಗಿಲೂ ತೆಗೆದಿಟ್ಟೇ ಕೆಲಸ ಮಾಡ್ತೀನಿ. ಅತ್ತೆ ಇಲ್ಲೇ ಇರ್ಲಿ" ಅಂದರು.

"ಆರು ವಾರ ನೋಡೋಣ" ಅಂದೆ, ಯಾವುದೋ ದೊಡ್ಡ ಸಾಹೇಬರ ಹಾಗೆ.

ಕಂಪ್ಯೂಟರಿನ ಪರದೆಯೊಳಗೇ ಒಂದು ಸ್ಪೀಕರ್ ಇತ್ತು, ಆದರೆ ಅದರಲ್ಲಿ ಎಲ್ಲರೂ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಎಡಿಟಿಂಗಿಗೆಂದೇ ಮಾಡಿದ ಸ್ಪೀಕರುಗಳ ಬೆಲೆ ಕೇಳಿದರೆ ಅಂಗಡಿಯ ಮೆಟ್ಟಿಲಲ್ಲೇ ಕೂರಬೇಕು. ಹಾಗಾಗಿ ಅತ್ತಿಗೆ ಮೊದಲು ತಂದದ್ದು ಒಂದು ಬ್ಲೂಟೂತ್ ಸ್ಪೀಕರು. ಚೊಂಬಿನಷ್ಟು ಉದ್ದ, ವೈರಿಲ್ಲ, ಅಗ್ಗ, ದನಿಯೂ ಪರವಾಗಿಲ್ಲ. ಬಾಗಿಲು ತೆಗೆದಿಟ್ಟು ಕೆಲಸ ಶುರುಮಾಡಿದರು. ನನಗೂ ಸಮಾಧಾನವಾಯಿತು.

ಎರಡು ವಾರ ಕಳೆದ ಮೇಲೆ ಗಣಿತದ ಮೇಷ್ಟ್ರ ಫೋನು ಬಂತು. ಅವರು ಸಿಟ್ಟು ಮಾಡುವವರಲ್ಲ, ಆದರೆ ಅವತ್ತು ದನಿ ನಡುಗುತ್ತಿತ್ತಂತೆ. "ಏನಮ್ಮಾ ಇದು, ನಾನು ಬಾಯಿ ತೆಗೆಯೋದಕ್ಕೆ ಮುಂಚೇನೇ ಮಾತು ಬರ್ತಾ ಇದೆ! ಮಕ್ಕಳೆಲ್ಲ ನಗ್ತಿದಾರೆ, ಸಾರ್ ಹೊಟ್ಟೆಯಿಂದ ಮಾತಾಡ್ತಾರೆ ಅಂತ."

ಆದದ್ದೇನೆಂದರೆ, ವೈರಿಲ್ಲದ ಸ್ಪೀಕರಿಗೆ ದನಿ ಗಾಳಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾಗುತ್ತದೆ. ಹಾಡು ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ತುಟಿಯನ್ನೇ ನೋಡುತ್ತಾ ಕೂರುವ ಅತ್ತಿಗೆಗೆ ಗೊತ್ತಾಯಿತು. ತಪ್ಪು ರೆಕಾರ್ಡಿಂಗಿನದ್ದು ಅಂದುಕೊಂಡು ಪ್ರತಿ ಪಾಠದಲ್ಲೂ ಮಾತನ್ನು ಒಂದಿಷ್ಟೇ ಇಷ್ಟು ಮುಂಚೆ ಬರುವಂತೆ ಎಳೆದು ತುಟಿಗೆ ಸರಿಯಾಗಿ ಕೂರಿಸಿದರು, ಅವರದ್ದೇ ಆಮೆಯ ತಾಳ್ಮೆಯಲ್ಲಿ. ಹನ್ನೊಂದು ಪಾಠ. ಬೇರೆಯವರು ಅಷ್ಟು ಸೂಕ್ಷ್ಮ ನೋಡುತ್ತಲೇ ಇರಲಿಲ್ಲ, ಹಾಗಾಗಿ ಕೆಡಿಸುತ್ತಲೂ ಇರಲಿಲ್ಲ.

ಹನ್ನೊಂದನ್ನೂ ಬಿಚ್ಚಿ ಮತ್ತೆ ಮಾಡಿದರು. ಬೀರುವಿನ ಮೇಲಿನ ಹೆಡ್‌ಫೋನು ಕೈಗೆಟುಕುವಂತಿತ್ತು. ಅದನ್ನು ಹಾಕಿಕೊಂಡಿದ್ದರೆ ಎರಡೇ ದಿನದ ಕೆಲಸ. ಮುಟ್ಟಲಿಲ್ಲ. ತಗಡಿನ ದನಿಯಲ್ಲೇ ಕಿವಿಯನ್ನು ಪರದೆಗೆ ಒತ್ತಿ ಆರು ದಿನ ದುಡಿದರು. ನಾನು ಹೋದಾಗ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು. "ಯಾಕಿಷ್ಟು ಹಠ ಅತ್ತಿಗೆ, ಅಮ್ಮ ನಮ್ಮನೇಲಿ ಆರಾಮಾಗಿರ್ತಾಳೆ" ಅಂದೆ. ಅವರು ತಲೆ ಎತ್ತಿ ನೋಡಿ, "ನೀನೂ ನಿನ್ನ ಗಂಡನೂ ಒಂಬತ್ತಕ್ಕೆ ಮನೆ ಬಿಟ್ರೆ ಬರೋದು ಏಳಕ್ಕೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿ ಬಿದ್ರೆ ಯಾರಿಗೆ ಕೇಳುತ್ತೆ?" ಅಂದರು. ಮೆತ್ತಗೇ ಕೇಳಿದ್ದು. ನಾನು ಟೀ ಮಾಡುವ ನೆಪದಲ್ಲಿ ಎದ್ದುಹೋದೆ. ಈ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ ಅಂದರೆ ನಂಬುತ್ತೀರೋ ಇಲ್ಲವೋ.

ಐದನೆಯ ವಾರದ ಶನಿವಾರ ಬೆಳಗ್ಗೆ, ಪಕ್ಕದ ಮನೆಯಾಕೆಯನ್ನು ಅಮ್ಮನ ಬಳಿ ಕೂರಿಸಿ, ನಾನೂ ಅತ್ತಿಗೆಯ ಜೊತೆ ಅಂಗಡಿಗೆ ಹೋದೆ. ಕಂಪ್ಯೂಟರ್ ಸಾಮಾನಿನ ಅಂಗಡಿ; ಗೋಡೆ ತುಂಬ ವೈರು, ನೆಲದ ತುಂಬ ಖಾಲಿ ಪೆಟ್ಟಿಗೆ. ಅಂಗಡಿಯವನು ನಮ್ಮನ್ನು ನೋಡಿದ್ದೇ ದೊಡ್ಡದೊಂದನ್ನು ಎಳೆದು ತಂದ. ಎರಡು ಪುಟ್ಟ ಸ್ಪೀಕರು, ಜೊತೆಗೆ ಮೇಜಿನ ಕೆಳಗಿಡಲು ಸ್ಟೂಲಿನಷ್ಟು ದೊಡ್ಡ ಬೇಸ್ ಪೆಟ್ಟಿಗೆ, ಮುಂದೆ ನೀಲಿ ದೀಪ. ಏನೋ ಹಾಡು ಹಾಕಿದ ನೋಡಿ, ಗಾಜಿನ ಬೀರು ಗಡಗಡ ಅಂತು, ನನ್ನ ಎದೆಯೂ ಅಂತು. "ಅಬ್ಬಾ! ಇದೇ ಇರ್ಲಿ ಅತ್ತಿಗೆ" ಅಂದೆ.

ಅತ್ತಿಗೆ ಪರ್ಸಿನಿಂದ ಪೆನ್‌ಡ್ರೈವ್ ತೆಗೆದರು. "ಹಾಡು ಬೇಡಣ್ಣ. ಇದರಲ್ಲಿರೋದು ಹಾಕಿ."

ಅದರಲ್ಲಿದ್ದದ್ದು ಹೊಲಿಗೆ ಪಾಠ, ಇನ್ನೂ ಕತ್ತರಿ ಆಡಿಸದೆ ಇದ್ದದ್ದು. ತಪ್ಪು, ತೊದಲು, ಉಸಿರು, ಎಲ್ಲೋ ದೂರದ ಬೈಕು, ಎಲ್ಲ ಇತ್ತು. ದೊಡ್ಡ ಸ್ಪೀಕರಿನಲ್ಲಿ ಅತ್ತಿಗೆಯ ದನಿ ರೇಡಿಯೋ ನಿಲಯದವರ ಹಾಗೆ ಗಂಭೀರವಾಗಿ ಕೇಳಿಸಿತು. ನಾನು ಮೆಚ್ಚಿದೆ. ಅವರು ಮುಖ ಸಿಂಡರಿಸಿದರು.

"ಇದು ನನ್ನ ದನಿ ಅಲ್ಲ. ಬೈಕಿನ ಸದ್ದು ಎಲ್ಲಿ ಹೋಯ್ತು? ಇದು ತಪ್ಪೆಲ್ಲ ಮುಚ್ಚಿಡುತ್ತೆ. ಇದನ್ನ ಕೇಳ್ಕೊಂಡು ನಾನು ಸರಿ ಇದೆ ಅಂತ ಕಳಿಸ್ತೀನಿ, ನೋಡೋರು ಫೋನಲ್ಲಿ ಕೇಳಿ ಬೈತಾರೆ."

"ಎಲ್ಲರೂ ಚೆನ್ನಾಗಿ ಕೇಳೋದು ಕೊಡಿ ಅಂತಾರೆ ಮೇಡಂ. ತಪ್ಪು ಕೇಳಿಸೋದು ಕೊಡಿ ಅಂತ ಬಂದೋರು ನೀವೇ ಮೊದಲು" ಅಂತ ಅಂಗಡಿಯವನು ತಲೆ ಕೆರೆದುಕೊಂಡ. ನನಗೆ ನಗು ಬಂತು. ಅತ್ತಿಗೆಗೆ ಬರಲಿಲ್ಲ. ಸದ್ದು ತೀರಾ ಕಡಿಮೆ ಮಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಆ ಗೋಡೌನ್ ಬಾಗಿಲಾಚೆ ನಿಂತ್ಕೊಂಡು ಕೂಗು. ಗಟ್ಟಿಯಾಗಲ್ಲ. ಅತ್ತೆ ಕೂಗಿದ್ರೆ ಎಷ್ಟು ಕೇಳ್ಬಹುದೋ ಅಷ್ಟು" ಅಂದರು.

"ಏನು ಕೂಗ್ಲಿ?"

"ಏನಾದ್ರೂ."

ಪೆಟ್ಟಿಗೆಗಳ ಮಧ್ಯೆ ನಿಂತು, ಅಮ್ಮನ ದನಿ ಮಾಡಿ, "ಏ ಹುಡುಗೀ, ಬಾ ಇಲ್ಲಿ" ಅಂತ ಕೂಗಿದೆ. ಅಂಗಡಿಗೆ ಬಂದಿದ್ದ ಇನ್ನಿಬ್ಬರು ಗಿರಾಕಿಗಳು ನನಗೆ ಏನೋ ಆಗಿದೆ ಅಂತ ಬಗ್ಗಿ ನೋಡಿದರು. ನಾಲ್ಕು ಜೋಡಿ ಸ್ಪೀಕರು ಬದಲಾಯಿಸಿದರು, ನಾಲ್ಕು ಸಲವೂ ನಾನು ಕೂಗಿದೆ. ಒಂದರಲ್ಲಿ ಮಾತು ಅರ್ಥವಾಗಬೇಕಾದರೆ ಸದ್ದು ಜಾಸ್ತಿ ಇಡಬೇಕು, ಆಗ ನನ್ನ ಕೂಗು ಮುಳುಗಿಹೋಗುತ್ತಿತ್ತು. ಇನ್ನೊಂದರಲ್ಲಿ ಸುಮ್ಮನಿದ್ದಾಗಲೂ ಒಂದು ಗುಂಯ್ ಸದ್ದು. ಮೂರನೆಯದು ಚೆನ್ನಾಗಿತ್ತು, ಬೆಲೆ ಮಾತ್ರ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನಾಲ್ಕನೆಯದು ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಜೋಡಿ. ಕಪ್ಪು ಬಣ್ಣ, ದೀಪವಿಲ್ಲ, ಬೇಸ್ ಪೆಟ್ಟಿಗೆ ಇಲ್ಲ, ವೈರಿನದ್ದು, ಸದ್ದು ಏರಿಸಿ ಇಳಿಸುವ ಗುಂಡಿ ಮುಂದೆಯೇ ಇತ್ತು.

"ಅದು ಬೇಡ ಮೇಡಂ, ಅದ್ರಲ್ಲಿ ಮಜಾನೇ ಇಲ್ಲ" ಅಂದ ಅಂಗಡಿಯವನು.

ಹಾಕಿಸಿದರು. ಅತ್ತಿಗೆಯ ದನಿ ಅತ್ತಿಗೆಯದ್ದಾಗಿಯೇ ಬಂತು, ಸ್ವಲ್ಪ ಒಣಗಿದ್ದು, ಸ್ವಲ್ಪ ದಣಿದದ್ದು. ಬೈಕು ಕೇಳಿಸಿತು. ಪಿಸುಮಾತಿನಷ್ಟು ಸಣ್ಣಗೆ ಇಟ್ಟರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ನಾನು ಬಾಗಿಲಾಚೆಯಿಂದ ಕೂಗಿದೆ. ಅವರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರು. ನಾನೆಂದು ಗೊತ್ತಿದ್ದೂ ಎದ್ದಿದ್ದರು. "ಇದು ಕೊಡಿ" ಅಂದರು.

ಮನೆಗೆ ತಂದು, ಎರಡು ಕಡೆ ಹಳೆಯ ಪುಸ್ತಕ ಜೋಡಿಸಿ, ಸ್ಪೀಕರಿನ ಬಾಯಿ ಕಿವಿಯ ಎತ್ತರಕ್ಕೆ ಬರುವಂತೆ ಕೂರಿಸಿದರು. ಗೋಡೆಯಿಂದ ಒಂದು ಗೇಣು ಮುಂದಕ್ಕೆ. ಟೈಲರ್ ಟೇಪು ಹಿಡಿದು, ಈ ಸ್ಪೀಕರಿನಿಂದ ತಲೆಗೆ ಎಷ್ಟು, ಆ ಸ್ಪೀಕರಿನಿಂದ ತಲೆಗೆ ಎಷ್ಟು ಅಂತ ಅಳೆದರು. "ಏನತ್ತಿಗೆ, ಮನೆ ಕಟ್ಟೋಕೆ ಪಾಯ ಹಾಕ್ತಿದೀರಾ?" ಅಂತ ರೇಗಿಸಿದೆ. ಐದು ವಾರದಲ್ಲಿ ಮೊದಲ ಸಲ ಅತ್ತಿಗೆ ನಕ್ಕರು. ನಾನೂ ಮನಸ್ಸಿನಲ್ಲೇ ಅರ್ಧ ಸೋಲೊಪ್ಪಿಕೊಂಡಿದ್ದೆ. ಇನ್ನು ಒಂದೇ ಪರೀಕ್ಷೆ ಬಾಕಿ ಇತ್ತು.

ಅಮ್ಮ ಪಕ್ಕದ ಕೋಣೆಯಲ್ಲಿ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಒರಗಿದ್ದಳು. ಅತ್ತಿಗೆ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪಾಠ ಹಾಕಿಕೊಂಡು ಕೂತರು. ನಾನು ಅಮ್ಮನ ಹಾಸಿಗೆಯ ಪಕ್ಕ ನಿಂತೆ.

"ಅಮ್ಮಾ, ಒಂದ್ಸಲ ಕೂಗು ನೋಡೋಣ. ಅವತ್ತು ಬಚ್ಚಲಲ್ಲಿ ಹೇಗೆ ಕೂಗಿದ್ಯೋ ಹಾಗೇ ಕೂಗು. ಅವರಿಗೆ ಕೇಳಿಸುತ್ತಾ ನೋಡ್ಬೇಕು."

ಅಮ್ಮ ದಿಂಬಿನ ಅಂಚು ಸವರತೊಡಗಿದಳು.

"ಕೂಗಮ್ಮಾ."

"ಅವತ್ತು ನಾನು ಕೂಗಿರ್ಲಿಲ್ಲ ಕಣೇ" ಅಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ. "ಏನಂದೆ?"

"ಕೂಗಲೇ ಇಲ್ಲ. ಬಿದ್ದಲ್ಲಿಂದ ಅವಳ ಬಾಗಿಲು ಕಾಣಿಸ್ತಿತ್ತು. ಟವೆಲ್ಲು ಕಟ್ಟಿತ್ತು. ಮುಗೀಲಿ, ಆಮೇಲೆ ಕರೆದ್ರಾಯ್ತು ಅಂತ ಕಾಯ್ದೆ."

ಆಚೆ ಕೋಣೆಯಲ್ಲಿ ಹೊಲಿಗೆ ಪಾಠದ ದನಿ ನಿಂತಿತು. ಅತ್ತಿಗೆ ಬಾಗಿಲಿಗೆ ಬಂದು ನಿಂತರು. "ಅತ್ತೆ, ಅವತ್ತು ರೆಕಾರ್ಡಿಂಗ್ ಹತ್ತೂವರೆಗೇ ಮುಗಿದಿತ್ತು. ನಾನು ಟವೆಲ್ಲು ಬಿಚ್ಚೋದು ಮರೆತಿದ್ದೆ."

"ಗೊತ್ತಾಯ್ತು ಬಿಡು. ನನ್ನ ಎತ್ತಿದ ಮೇಲೆ ನೀನು ಓಡಿಹೋಗಿ, 'ಅಯ್ಯೋ, ಇದಿನ್ನೂ ಇಲ್ಲೇ ಇದೆಯಲ್ಲ' ಅಂತ ಅದನ್ನೇ ಬಿಚ್ಚಿ ನನ್ನ ಕೈಗೆ ಸುತ್ತಿದ್ಯಲ್ಲ. ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?"

ಅಮ್ಮ ಗದ್ದ ಎತ್ತಿ ನನ್ನ ಕಡೆ ತೋರಿಸಿದಳು. "ಹೇಳಿದ್ರೆ ಇವಳು ಬಿಡ್ತಿದ್ಲಾ ನಿನ್ನ? ಅಷ್ಟಕ್ಕೇ ಆಸ್ಪತ್ರೇಲಿ ಹಾಗಂದ್ಲು."

ನನಗೆ ತಡೆಯಲಾಗಲಿಲ್ಲ. "ಕೈ ಮುರ್ಕೊಂಡು ಬಿದ್ದಿರ್ವಾಗ ಯಾವ ರೆಕಾರ್ಡಿಂಗಮ್ಮಾ? ಹೋದ್ರೆ ಹೋಗ್ಲಿ ಅಂತ ಬಾಯಿಬಿಟ್ಟು ಕೂಗಕ್ಕೇನಾಗಿತ್ತು ನಿನಗೆ?"

"ನೀನೇ ತಾನೆ ಬೈದಿದ್ದು" ಅಂದಳು ಅಮ್ಮ. ದೂರುವ ದನಿಯಲ್ಲ, ನೆನಪಿಸುವ ದನಿ. "ಹೋದ ವರ್ಷ, ಇಲ್ಲೇ. ನಾನು ಒಂದ್ಲೋಟ ನೀರು ಬೇಕು ಅಂತ ಇವಳನ್ನ ಕರೆದೆ. ರೆಕಾರ್ಡಿಂಗ್ ಹಾಳಾಯ್ತು. ಇವಳೇನೂ ಅನ್ಲಿಲ್ಲ. ನೀನು ಬಂದು, 'ಅವರು ದುಡೀತಿರೋವಾಗ ಯಾಕಮ್ಮಾ ಹಾಗೆ ಬಡ್ಕೋತೀಯ, ಸ್ವಲ್ಪನೂ ತಿಳಿಯಲ್ವಾ' ಅಂದೆ. ಸರಿಯಾಗೇ ಹೇಳಿದ್ದೆ. ಆಮೇಲೆ ನಾನು ಯಾವತ್ತೂ ಕೂಗಿಲ್ಲ."

ನನಗೆ ಅದು ನೆನಪೇ ಇಲ್ಲ. ಈಗಲೂ ಎಷ್ಟು ತಡಕಾಡಿದರೂ ಆ ದಿನ ಸಿಗುವುದಿಲ್ಲ. ಕೌಂಟರಿನಿಂದ ಬಂದ ಯಾವುದೋ ಒಂದು ಸಂಜೆ, ಬಾಯಿಗೆ ಬಂದದ್ದು ಅಂದು, ಟೀ ಕುಡಿದು ಹೋಗಿರಬೇಕು. ಅಮ್ಮ ಮಾತ್ರ ಅದನ್ನು ಒಂದು ವರ್ಷ ಪಾಲಿಸಿದಳು, ಒದ್ದೆ ನೆಲದ ಮೇಲೂ ಪಾಲಿಸಿದಳು. ಅತ್ತಿಗೆ ಹೆಡ್‌ಫೋನ್ ಹಾಕಿರಲಿ, ತೆಗೆದಿರಲಿ, ಅವತ್ತು ಕೇಳಿಸಿಕೊಳ್ಳಲು ಏನೂ ಇರಲೇ ಇಲ್ಲ. ಐದು ವಾರ ಅವರು ನನ್ನ ಮಾತು ಹೊತ್ತುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಬರದೇ ಇದ್ದ ಒಂದು ಕೂಗಿಗಾಗಿ ಸ್ಪೀಕರ್ ಹುಡುಕಿದ್ದರು.

"ತಪ್ಪಾಯ್ತು ಅತ್ತಿಗೆ" ಅಂದೆ. ನನ್ನ ಜನ್ಮದಲ್ಲಿ ಆ ಮಾತು ಎಷ್ಟು ಸಲ ಆಡಿದ್ದೇನೆ ಅಂತ ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಅತ್ತಿಗೆ ನನ್ನ ಭುಜ ಮುಟ್ಟಿದರು, ಆದರೆ ನೋಡುತ್ತಿದ್ದದ್ದು ಅಮ್ಮನನ್ನು. ಹಾಸಿಗೆಯ ಅಂಚಿಗೆ ಕೂತು, "ಅತ್ತೆ, ಟವೆಲ್ಲು ಇರ್ಲಿ, ಏನೇ ಇರ್ಲಿ, ನೀವು ಕರೀಬೇಕು. ರೆಕಾರ್ಡಿಂಗ್ ಹಾಳಾದ್ರೆ ಮತ್ತೆ ಮಾಡ್ಬಹುದು. ಈಗ ಒಂದ್ಸಲ ಕರೀರಿ, ನಾನು ಒಳಗೆ ಹೋಗಿ ಕೂತ್ಕೋತೀನಿ" ಅಂದರು. ಹೋಗಿ ಕೂತರು. ಪಾಠ ಮತ್ತೆ ಶುರುವಾಯಿತು, ಸಣ್ಣಗೆ.

ಅಮ್ಮ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಕೆಮ್ಮಿ ಸರಿಮಾಡಿಕೊಂಡಳು. ಇನ್ನೊಂದು ಸಲ ಪ್ರಯತ್ನಿಸಿದಳು. ನನಗೇ, ಪಕ್ಕದಲ್ಲಿ ನಿಂತವಳಿಗೇ, ಸರಿಯಾಗಿ ಕೇಳಿಸಲಿಲ್ಲ. "ಗಟ್ಟಿಯಾಗಿ ಅಮ್ಮಾ, ಯಾರೂ ಏನೂ ಅನ್ನಲ್ಲ" ಅಂದೆ. ಅವಳು ನನ್ನ ಮುಖ ನೋಡಿದಳು, ಕಣ್ಣು ತಗ್ಗಿಸಿದಳು.

"ನೀನು ಸ್ವಲ್ಪ ಹೊತ್ತು ಆಚೆ ಹೋಗಿರು" ಅಂದಳು.

ನಾನು ಹೋದೆ. ಬಾಗಿಲು ದಾಟಿ, ಮೆಟ್ಟಿಲಿಳಿದು, ಬೀದಿಗೇ ಬಂದು ನಿಂತೆ. ಎದುರು ಮನೆಯಾಕೆ ಬಟ್ಟೆ ಹಿಂಡುತ್ತಾ, "ಯಾಕೆ ಇಲ್ಲಿ ನಿಂತಿದೀಯಾ?" ಅಂದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಅಮ್ಮ ಅತ್ತಿಗೆಯನ್ನು ಕರೆಯುವುದು ಕೇಳಿಸಿತು. ಬೀದಿಯವರೆಗೆ ಬರುವಷ್ಟು ಗಟ್ಟಿ ದನಿ. ಅದರ ಹಿಂದೆಯೇ ಕುರ್ಚಿ ಸರಿದ ಸದ್ದು, "ಬಂದೆ ಅತ್ತೇ" ಅಂತ ಅತ್ತಿಗೆ.

ಅಮ್ಮ ಇನ್ನೊಂದು ಸಲ ಕರೆದಳು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ.